ಬಸ್ಸು ನಿಂತ ಊರಿನಲ್ಲಿ ಸಣ್ಣ ಕಾರು

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಿಗೆ ಕಾರು ಬಂದದ್ದು ಅಡಕೆ ಮತ್ತು ಕಾಫಿಯ ಹಣದಿಂದ ಎಂದು ಘಟ್ಟದ ಕೆಳಗಿನವರೂ ಬಯಲುಸೀಮೆಯವರೂ ತಿಳಿದಿದ್ದಾರೆ. ದೊಡ್ಡ ತೋಟದವರ ಮಟ್ಟಿಗೆ ಅದು ನಿಜವೇ. ಆದರೆ ಸಂಬಳವನ್ನೇ ನಂಬಿದ ಮೇಷ್ಟರು, ಬ್ಯಾಂಕಿನ ಗುಮಾಸ್ತರು, ಆಸ್ಪತ್ರೆಯ ದಾದಿಯರು ಇವರ ಮನೆಯಂಗಳದಲ್ಲಿ ಇಂದು ನಿಂತಿರುವ ಸಣ್ಣ ಕಾರು ಬಂದ ದಾರಿಯೇ ಬೇರೆ. ಅದು ಬಸ್ಸು ಬಿಟ್ಟುಹೋದ ಜಾಗವನ್ನು ತುಂಬಲು ಬಂದದ್ದು. ಆದ್ದರಿಂದ ನಮ್ಮ ಕಡೆಯ ಸಣ್ಣ ಕಾರಿನ ಚರಿತ್ರೆಯನ್ನು ಬಸ್ಸಿನ ಚರಿತ್ರೆಯಿಂದ ಬೇರ್ಪಡಿಸಿ ಬರೆಯಲಾಗದು ಎಂಬುದು ನನ್ನ ಅಭಿಪ್ರಾಯ.

ಇದನ್ನು ಬರೆಯಲು ಒಂದು ನೆಪವೂ ಉಂಟು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ತಾನೂ ಶಿಕ್ಷಕಿ. ಮನೆ ಕೊಪ್ಪದ ಬಳಿ, ಶಾಲೆ ನರಸಿಂಹರಾಜಪುರದ ಕಡೆ. ಹಳದಿ ಎಲೆ ರೋಗ ತಗುಲಿ ಮನೆಯ ತೋಟ ಹೆಸರಿಗಷ್ಟೇ ಉಳಿದಿದೆ. ಸಂಸಾರ ನಡೆಯುವುದು ಇವಳ ಸಂಬಳದಲ್ಲಿ. "ಸಾರ್, ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ತಪ್ಪುತ್ತದೆ. ಎರಡು ಮೂರು ವರ್ಷ ಓಡಿದ ಒಂದು ಸಣ್ಣ ಕಾರು ತೆಗೆದುಕೊಳ್ಳೋಣವೆಂದಿದ್ದೇವೆ. ನಾಲ್ಕು ಲಕ್ಷಕ್ಕಿಂತ ಹೆಚ್ಚು ನಮ್ಮ ಕೈಲಾಗದು. ಯಾವುದನ್ನು ನೋಡಬೇಕು?" ಎಂದು ಕೇಳಿದ್ದಳು. ಇತಿಹಾಸ ಪಾಠ ಮಾಡಿದವನನ್ನು ಕಾರಿನ ಬಗ್ಗೆ ಕೇಳಿದರೆ ಉತ್ತರವೂ ಇತಿಹಾಸದಿಂದಲೇ ಆರಂಭವಾಗುತ್ತದೆ. ಅವಳೂ, ನೀವೂ ಸ್ವಲ್ಪ ಸಹಿಸಿಕೊಳ್ಳಬೇಕು.

ಈ ಮೂರು ತಾಲ್ಲೂಕುಗಳಲ್ಲಿ ರೈಲಿನ ಸಿಳ್ಳು ಕೇಳಿದ್ದು ನರಸಿಂಹರಾಜಪುರ ಒಂದೇ. ಎಡೇಹಳ್ಳಿ ಎಂದಿದ್ದ ಆ ಊರಿಗೆ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು 1915ರಲ್ಲಿ ಇಟ್ಟರು. ಅದೇ ಕಾಲಮಾನದಲ್ಲಿ ತರೀಕೆರೆಯಿಂದ ಅಲ್ಲಿಗೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬಂದಿತು. ಜನ ಅದನ್ನು ಟ್ರಾಮು ಎಂದೇ ಕರೆದರು. ಕಾಡಿನ ಮರಮುಟ್ಟಿನ ಜೊತೆಗೆ ಜನರೂ ಪ್ರಯಾಣ ಮಾಡಿದರು. ಆ ಹಳಿ ಎದ್ದುಹೋಗಿ ತಲೆಮಾರುಗಳೇ ಕಳೆದಿವೆ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದ ಮೇಲೆ ಆ ಸುತ್ತಿನ ಎಷ್ಟೋ ಗದ್ದೆಗಳೂ ದಾರಿಗಳೂ ನೀರಿನಡಿಗೆ ಹೋದವು. ನಮ್ಮ ಜಿಲ್ಲಾಕೇಂದ್ರ ಚಿಕ್ಕಮಗಳೂರಿಗೇ ರೈಲು ಬಂದದ್ದು 2013ರ ನವೆಂಬರಿನಲ್ಲಿ. ಶೃಂಗೇರಿ, ಕೊಪ್ಪಗಳಿಗೆ ಇಂದಿಗೂ ಇಲ್ಲ. ನಮ್ಮ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮಲೆನಾಡಿಗೆ ಬೈಸಿಕಲ್ಲು ಬಂದದ್ದೇ ಒಂದು ಮಹಾ ಘಟನೆ. ಚಕ್ರವೆಂಬುದು ನಮ್ಮಲ್ಲಿಗೆ ಯಾವಾಗಲೂ ತಡವಾಗಿ, ಅದೂ ಒಂದೊಂದಾಗಿಯೇ ಬಂದಿದೆ.

ಆದ್ದರಿಂದ ನಮಗೆ ಬಸ್ಸೇ ರೈಲು, ಬಸ್ಸೇ ಅಂಚೆ, ಬಸ್ಸೇ ಗಡಿಯಾರ. ನನ್ನ ಓದಿನ ಕಾಲದಲ್ಲಿ 'ಶಂಕರ್ ಕಂಪನಿ' ಎಂದರೆ ಸಾಕು, ಮುಂದೆ ಬಸ್ಸು ಎನ್ನುವ ಪದ ಬೇಕಿರಲಿಲ್ಲ. ಬೆಳಗಿನ ಬಸ್ಸಿನ ಸದ್ದು ಕೇಳಿ ಹಾಲು ಕರೆಯಲು ಏಳುತ್ತಿದ್ದ ಮನೆಗಳನ್ನು ನಾನು ಬಲ್ಲೆ. ಔಷಧಿಯ ಚೀಟಿ, ಮದುವೆಯ ಕಾಗದ, ಯಂತ್ರದ ಬಿಡಿಭಾಗ ಎಲ್ಲವೂ ಕಂಡಕ್ಟರರ ಕೈಯಲ್ಲಿ ಊರೂರು ತಲುಪುತ್ತಿದ್ದವು.

ಶಂಕರ್ ಕಂಪನಿಯ ಬಸ್ಸುಗಳು ನಿಂತ ಮೇಲೆ ಅದರ ಕಾರ್ಮಿಕರೇ ಒಂದುಗೂಡಿ 1991ರಲ್ಲಿ ಕೊಪ್ಪದಲ್ಲಿ ಸಾರಿಗೆ ಸಹಕಾರ ಸಂಘವನ್ನು ಕಟ್ಟಿದರು. ಅದೇ ನಮ್ಮ 'ಸಹಕಾರ ಸಾರಿಗೆ'. ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕು ಇವರೇ ಮಾಲೀಕರಾದ ಸಂಸ್ಥೆ. ಕೆಲವೇ ಬಸ್ಸುಗಳಿಂದ ಹೊರಟು ಹತ್ತಾರು ಮಾರ್ಗಗಳಿಗೆ ಹಬ್ಬಿತು. ಇದನ್ನು ನಾನು ತರಗತಿಯಲ್ಲಿ ಸಹಕಾರಿ ಚಳವಳಿಯ ಪಾಠ ಬಂದಾಗಲೆಲ್ಲ ಉದಾಹರಿಸುತ್ತಿದ್ದೆ. ಪಠ್ಯಪುಸ್ತಕದ ದೂರದ ಉದಾಹರಣೆಗಳಿಗಿಂತ ಕಿಟಕಿಯಾಚೆ ಹೋಗುತ್ತಿದ್ದ ಬಸ್ಸು ಮಕ್ಕಳಿಗೆ ಬೇಗ ಅರ್ಥವಾಗುತ್ತಿತ್ತು. ವಿದ್ಯಾರ್ಥಿಗಳಿಗೆ ರಿಯಾಯಿತಿ ದರದಲ್ಲಿ ಪಾಸು ಕೊಡುತ್ತಿದ್ದರು. ನನ್ನ ತರಗತಿಯ ಹಿಂದಿನ ಬೆಂಚುಗಳಲ್ಲಿ ಕುಳಿತ ಎಷ್ಟೋ ಹುಡುಗಿಯರು ಹತ್ತನೆಯ ತರಗತಿ ದಾಟಿ ಕಾಲೇಜಿಗೆ ಹೋದದ್ದು ಆ ಪಾಸಿನ ಬಲದಿಂದ.

ಇನ್ನು ಕಾರಿನ ಕಡೆಗೆ ಬರೋಣ. 'ಸೆಕೆಂಡ್ ಹ್ಯಾಂಡ್' ಎಂದರೆ ಮೂಗು ಮುರಿಯುವವರಿಗೆ ಒಂದು ಹಳೆಯ ಸಂಗತಿ ಹೇಳಬೇಕು. ನಾವು ಹುಡುಗರಾಗಿದ್ದಾಗ ದೇಶದಲ್ಲಿ ಸಿಗುತ್ತಿದ್ದ ಕಾರುಗಳು ಮುಖ್ಯವಾಗಿ ಮೂರು: ಕಲಕತ್ತೆಯ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ತಯಾರಿಕೆ ಕಡಿಮೆ, ಬೆಲೆಯ ಮೇಲೆ ಸರ್ಕಾರದ ಹಿಡಿತ, ಕಾಯುವ ಪಟ್ಟಿಯೋ ವರ್ಷಗಟ್ಟಲೆ. 1959ರಲ್ಲಿ ಮೋಟಾರು ಕಾರುಗಳ ವಿತರಣೆ ಮತ್ತು ಮಾರಾಟ ನಿಯಂತ್ರಣ ಆಜ್ಞೆ ಎಂಬುದೊಂದು ಬಂದಿತ್ತು. ಅದರಡಿ ಹೊಸ ಕಾರು ಪಡೆದವನು ಎರಡು ವರ್ಷದೊಳಗೆ ಅಪ್ಪಣೆಯಿಲ್ಲದೆ ಅದನ್ನು ಮಾರುವಂತಿರಲಿಲ್ಲ. ಏಕೆ? ಸರದಿಯಲ್ಲಿ ಸಿಕ್ಕ ಹೊಸ ಕಾರನ್ನು ಆ ಕ್ಷಣವೇ ಮಾರಿದರೆ ಕೊಟ್ಟದ್ದಕ್ಕಿಂತ ಹೆಚ್ಚು ಹಣ ಬರುತ್ತಿತ್ತು! ಅಂದರೆ ಸ್ವಲ್ಪವೇ ಓಡಿದ ಕಾರು ಹೊಸ ಕಾರಿಗಿಂತ ದುಬಾರಿ. ಇಂದಿನ ಮಕ್ಕಳಿಗೆ ಇದು ಕಟ್ಟುಕಥೆಯಂತೆ ತೋರೀತು. ಆ ಕಾಲದಲ್ಲಿ ಹಳೆಯ ಕಾರು ಕೊಳ್ಳುವುದು ಬಡತನದ ಗುರುತಾಗಿರಲಿಲ್ಲ, ಹಣವಿದ್ದವನು ಸರದಿ ತಪ್ಪಿಸಿಕೊಳ್ಳುವ ಉಪಾಯವಾಗಿತ್ತು.

ನಮ್ಮ ಕಡೆ ಆಗ ಎಸ್ಟೇಟಿನವರ ಜೀಪು, ಬಾಡಿಗೆಯ ಅಂಬಾಸಿಡರ್ ಬಿಟ್ಟರೆ ಹೆಚ್ಚಿನದೇನೂ ಇರಲಿಲ್ಲ. ಹೆರಿಗೆಗೋ, ಹಾವು ಕಚ್ಚಿದವರಿಗೋ, ಮದುಮಗಳ ದಿಬ್ಬಣಕ್ಕೋ ಅಂಬಾಸಿಡರ್ ಬರುತ್ತಿತ್ತು. ಆ ಮೂರು ಸಂದರ್ಭಗಳಲ್ಲೂ ಒಳಗೆ ಎಷ್ಟು ಜನ ಎಂದು ಯಾರೂ ಎಣಿಸುತ್ತಿರಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ಸಣ್ಣ ಕಾರಿನ ಕನಸನ್ನು ನಮ್ಮ ಕರ್ನಾಟಕವೂ ಕಂಡಿತ್ತೆಂಬುದನ್ನು ಈಗ ಬಹಳ ಮಂದಿ ಮರೆತಿದ್ದಾರೆ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ 'ಬಾದಲ್' ಎಂಬ ಮೂರು ಚಕ್ರದ ಕಾರು ತಯಾರಾಯಿತು. 1980ರ ದಶಕದ ಆರಂಭದಲ್ಲಿ ಅದೇ ಸಿಪಾನಿ ಸಂಸ್ಥೆಯವರಿಂದ 'ಡಾಲ್ಫಿನ್' ಬಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಎಂಬ ಕಾರಿನ ಅಚ್ಚು, ಮೈಯೆಲ್ಲ ಫೈಬರ್ ಗ್ಲಾಸ್. ಮಲೆನಾಡಿನ ಮಳೆಗೆ ತುಕ್ಕು ಹಿಡಿಯದ ಮೈ ಎಷ್ಟು ಅನುಕೂಲವೆಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಅಷ್ಟರಲ್ಲಿ ಮಾರುತಿ ಬಂದಾಗಿತ್ತು. ಮಾರುತಿಯ ಎದುರು ಡಾಲ್ಫಿನ್ ನಿಲ್ಲಲಿಲ್ಲ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಅದರ ಒಡೆಯರಿಗೆ ಹಸ್ತಾಂತರಿಸಿದರು. ಬೆಲೆ ಐವತ್ತು ಸಾವಿರದ ಆಸುಪಾಸು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದಾಗ ತಿಂಗಳ ಸಂಬಳ ಸಾವಿರದ ಆಚೀಚೆ. ಅಂದರೆ ಉಣ್ಣದೆ, ಉಡದೆ, ಬಾಡಿಗೆ ಕೊಡದೆ ನಾಲ್ಕು ವರ್ಷ ಕೂಡಿಟ್ಟರೆ ಒಂದು ಕಾರು! ಆದ್ದರಿಂದ ಹೊಸ ಮಾರುತಿ ನಮ್ಮ ಪಾಲಿಗೆ ಪತ್ರಿಕೆಯ ಚಿತ್ರವಾಗಿಯೇ ಉಳಿಯಿತು. ನಮ್ಮನ್ನು ತಲುಪಿದ್ದು ಅದರ ಎರಡನೆಯ ಜನ್ಮ. ಮಂಗಳೂರಿನ ವೈದ್ಯರು, ಶಿವಮೊಗ್ಗದ ವಕೀಲರು, ಬೆಂಗಳೂರಿನ ಅಧಿಕಾರಿಗಳು ಐದಾರು ವರ್ಷ ಓಡಿಸಿ ಬಿಟ್ಟ ಮಾರುತಿಗಳು 1990ರ ದಶಕದಲ್ಲಿ ಒಂದೊಂದಾಗಿ ಘಟ್ಟ ಹತ್ತಿದವು. ಓಮ್ನಿಯಂತೂ ಮಲೆನಾಡಿಗಾಗಿಯೇ ಹುಟ್ಟಿದಂತಿತ್ತು. ಹಿಂದಿನ ಸೀಟು ಮಡಿಸಿದರೆ ಅಡಕೆ ಮೂಟೆ, ಬಿಡಿಸಿದರೆ ಎಂಟು ಮಂದಿ ನೆಂಟರು.

ನಾವು ನಾಲ್ವರು ಸಹೋದ್ಯೋಗಿಗಳು ಕೆಲವು ವರ್ಷ ಅಂಥದೊಂದು ಹಳೆಯ 800ರಲ್ಲಿ ಶಾಲೆಗೆ ಹೋಗಿ ಬಂದೆವು. ಕಾರು ಒಬ್ಬರದು, ಪೆಟ್ರೋಲು ನಾಲ್ವರದು, ಟೈರು ಬದಲಿಸುವಾಗಲೂ ನಾಲ್ಕು ಪಾಲು. ಗಣಿತದ ಮೇಷ್ಟರು ಒಂದು ಪುಸ್ತಕದಲ್ಲಿ ಕಿಲೋಮೀಟರು, ಲೀಟರು, ಯಾರು ಯಾವ ದಿನ ರಜೆ ಎಂಬುದನ್ನೆಲ್ಲ ಬರೆದಿಡುತ್ತಿದ್ದರು. ಆ ಪುಸ್ತಕ ನೋಡಿಯೇ ನನಗೆ ಅರ್ಥವಾದದ್ದು, ಕಾರಿನ ಬೆಲೆ ಎಂದರೆ ಅದನ್ನು ಕೊಂಡ ದಿನ ಕೊಟ್ಟ ಹಣವಲ್ಲ, ಅದು ತಿಂಗಳು ತಿಂಗಳೂ ಕೇಳುವ ಹಣವೆಂದು.

ಆಮೇಲಿನದು ನಿಮಗೆಲ್ಲ ತಿಳಿದದ್ದೇ. 1998ರಲ್ಲಿ ಸ್ಯಾಂಟ್ರೋ, 2000ದಲ್ಲಿ ಆಲ್ಟೋ ಬಂದವು. 2001ರಲ್ಲಿ ಮಾರುತಿಯವರೇ 'ಟ್ರೂ ವ್ಯಾಲ್ಯೂ' ಎಂಬ ಹೆಸರಿನಲ್ಲಿ ಹಳೆಯ ಕಾರುಗಳನ್ನು ಪರೀಕ್ಷಿಸಿ ಮಾರತೊಡಗಿದರು. ಅಲ್ಲಿಯವರೆಗೆ ದಲ್ಲಾಳಿಯ ಬಾಯಿಮಾತು, ಪರಿಚಿತ ಮೆಕ್ಯಾನಿಕ್ಕಿನ ಕಿವಿ ಇವೆರಡೇ ಆಧಾರವಾಗಿದ್ದ ವ್ಯಾಪಾರಕ್ಕೆ ಒಂದು ರಶೀದಿ ಸಿಕ್ಕಿತು. ಅದೇ ಹೊತ್ತಿಗೆ ನಮ್ಮ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಗಳಿಗೆ ಸೇರಿ, ತಾವು ಹೊಸದು ಕೊಂಡಾಗ ಹಳೆಯದನ್ನು ಊರಿನ ಅಪ್ಪನಿಗೆ ಕಳಿಸುವ ಪದ್ಧತಿ ಬೆಳೆಯಿತು. 2009ರಲ್ಲಿ ಟಾಟಾದವರ ನ್ಯಾನೋ 'ಲಕ್ಷ ರೂಪಾಯಿಯ ಕಾರು' ಎನ್ನಿಸಿಕೊಂಡು ಬಂದಾಗ ಪೇಟೆಯ ಹೋಟೆಲುಗಳಲ್ಲಿ ವಾರಗಟ್ಟಲೆ ಅದೇ ಮಾತು. ಆದರೆ ಕೊಂಡವರು ಕಡಿಮೆ. ಅಗ್ಗದ ಹೊಸ ಕಾರಿಗಿಂತ ಅದೇ ಬೆಲೆಯ ಹಳೆಯ ಮಾರುತಿಯೇ ಮೇಲೆಂದು ನಮ್ಮವರು ತೀರ್ಮಾನಿಸಿದ್ದರು. 2014ರ ಜನವರಿಯಲ್ಲಿ 800ರ ತಯಾರಿಕೆ ನಿಂತಿತು, 2018ರಲ್ಲಿ ನ್ಯಾನೋದು.

ಈಗ ಮುಖ್ಯ ಸಂಗತಿ. 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆಯ ಬಸ್ಸುಗಳು ನಿಂತವು. ಡೀಸೆಲ್ ದರ, ಬಿಡಿಭಾಗ, ವಿಮೆ, ತೆರಿಗೆ ಎಲ್ಲ ಏರುತ್ತ ಹೋಗಿ ಆದಾಯ ಮಾತ್ರ ಹಿಂದೆ ಬಿತ್ತು. ಮುಂದಿನ ತಿಂಗಳೇ ಕೊರೋನಾದ ಬೀಗ ಬಿದ್ದದ್ದರಿಂದ ಆ ನಷ್ಟದ ಆಳ ಕೂಡಲೇ ತಿಳಿಯಲಿಲ್ಲ. ಶಾಲೆ ಕಚೇರಿಗಳು ಮತ್ತೆ ತೆರೆದಾಗ ಒಳಮಾರ್ಗದ ಜನ ರಸ್ತೆಗೆ ಬಂದು ನಿಂತು ನೋಡಿದರು. ಬರಬೇಕಾದ ಹೊತ್ತಿಗೆ ಬರಬೇಕಾದದ್ದು ಬರಲಿಲ್ಲ. ಬೇರೆ ಖಾಸಗಿ ಬಸ್ಸುಗಳು ಕೆಲವು ಮಾರ್ಗಗಳನ್ನು ಹಿಡಿದವು. ಲಾಭವಿಲ್ಲದ ಹೊತ್ತಿನ, ಲಾಭವಿಲ್ಲದ ಊರಿನ ಬಸ್ಸನ್ನು ಹಿಡಿಯುವವರು ಯಾರು? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಸಿಕ್ಕಿತು. ಅದು ನಿಜವಾಗಿ ದೊಡ್ಡ ಉಪಕಾರ. ಆದರೆ ನಮ್ಮ ತಾಲ್ಲೂಕುಗಳ ಬಹುಪಾಲು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಬಾರದ ಬಸ್ಸಿನಲ್ಲಿ ಉಚಿತವೇನು, ಅರ್ಧ ಟಿಕೇಟೇನು? ಆಗ ಸಂಬಳದವರು ಸ್ಕೂಟರು ಕೊಂಡರು. ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಸ್ಕೂಟರಿನ ಮಿತಿ ಅರಿವಾದವರು ಕಾರಿನ ಕಡೆ ನೋಡಿದರು. ಇದನ್ನು ಸಮೃದ್ಧಿಯೆಂದು ಕರೆಯಲು ನನಗೆ ಮನಸ್ಸಾಗದು.

ಶಿಷ್ಯೆಯ ಪ್ರಶ್ನೆಗೆ ಗಣಿತದ ಮೇಷ್ಟರ ಪುಸ್ತಕದಿಂದಲೇ ಉತ್ತರ ತೆಗೆದೆ. ಹೋಗಿಬರಲು ದಿನಕ್ಕೆ 45 ಕಿ.ಮೀ., ತಿಂಗಳಿಗೆ 25 ದಿನವೆಂದರೆ 1,125 ಕಿ.ಮೀ. ನಮ್ಮ ತಿರುವು ಏರುಗಳಲ್ಲಿ ಲೀಟರಿಗೆ 18 ಕಿ.ಮೀ. ಬಂದರೆ ಸಂತೋಷ. ಅಂದರೆ ತಿಂಗಳಿಗೆ 62-63 ಲೀಟರು, ನೂರು ದಾಟಿದ ದರದಲ್ಲಿ ಆರು ಸಾವಿರಕ್ಕೂ ಮೇಲೆ. ಇದರ ಮೇಲೆ ಸಾಲದ ಕಂತು, ವಿಮೆ, ಸರ್ವಿಸು. ಅದೇ ದಾರಿಯಲ್ಲಿ ಹೋಗುವ ಇನ್ನಿಬ್ಬರು ಶಿಕ್ಷಕಿಯರು ಜೊತೆಗೂಡಿದರೆ ಈ ಲೆಕ್ಕ ಹಗುರವಾಗುತ್ತದೆ. ಒಬ್ಬಳೇ ಹೋಗುವುದಾದರೆ ಭಾರ. ಕಾರು ಆರಿಸುವ ಮುನ್ನ ಜೊತೆಗಾರರನ್ನು ಆರಿಸು ಎಂದೆ.

ಹೊಸದೋ, ಸ್ವಲ್ಪ ಓಡಿದ್ದೋ ಎಂಬ ಪ್ರಶ್ನೆಯ ಉತ್ತರ ಇತ್ತೀಚೆಗೆ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. 28ರಿಂದ 18 ಪ್ರತಿಶತಕ್ಕೆ ಇಳಿಯಿತು. ತೀರಾ ಚಿಕ್ಕ ಕೆಲವು ಕಾರುಗಳ ಶೋರೂಮ್ ಬೆಲೆ ಆಗ ನಾಲ್ಕು ಲಕ್ಷದೊಳಕ್ಕೆ ಬಂದಿತು. ಹಾಗಾಗಿ ಅದಕ್ಕಿಂತ ಮೊದಲು ಕೊಂಡವರು ತಾವು ಕೊಟ್ಟ ಹಳೆಯ ಬೆಲೆಯನ್ನು ಹಿಡಿದು ಚೌಕಾಸಿ ಮಾಡಿದರೆ ಒಪ್ಪಬೇಕಿಲ್ಲ. ಅದೇ ಕಾರು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದೇ ಮಾತಿನ ಆರಂಭ. ಆದರೆ ಶೋರೂಮ್ ಬೆಲೆಯ ಮೇಲೆ ಹೊಸ ಕಾರಿಗೆ ಆಜೀವ ತೆರಿಗೆ, ನೋಂದಣಿ, ವಿಮೆ ಎಲ್ಲ ಕೂಡಿಕೊಳ್ಳುತ್ತವೆ. ಕರ್ನಾಟಕದಲ್ಲೇ ನೋಂದಣಿಯಾದ ಹಳೆಯ ಕಾರಿಗೆ ಆ ತೆರಿಗೆಯನ್ನು ಮೊದಲ ಒಡೆಯ ಕಟ್ಟಿಯಾಗಿರುತ್ತದೆ. ಇನ್ನೊಂದು ಕಡೆ, ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೆಚ್ಚು. ಎಲ್ಲ ಕೂಡಿ ಕಳೆದು ನೋಡಿದರೆ, ಮೂರು ವರ್ಷದ ಕಾರು ರಸ್ತೆಗಿಳಿದ ಹೊಸ ಕಾರಿಗಿಂತ ಕಾಲುಭಾಗವಾದರೂ ಕಡಿಮೆಗೆ ಸಿಗದಿದ್ದರೆ ಹೊಸದೇ ವಾಸಿ ಎನ್ನುವವನು ನಾನು. 2023ರ ಏಪ್ರಿಲ್ ನಂತರ ತಯಾರಾದ ಕಾರನ್ನೇ ಹುಡುಕು ಎಂದೂ ಹೇಳಿದೆ. ಈಗ ಬಂಕುಗಳಲ್ಲಿ ಸಿಗುವ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲಿಗೆ ಹೊಂದುವ ಪೈಪು, ರಬ್ಬರುಗಳನ್ನು ಆ ಹೊತ್ತಿನಿಂದ ಅಳವಡಿಸತೊಡಗಿದರು. ಕಂಪನಿಯ ಹೆಸರಿಗಿಂತ, ಕೊಪ್ಪದ ಮೆಕ್ಯಾನಿಕ್ಕು ಬಿಚ್ಚಿ ಜೋಡಿಸಬಲ್ಲ, ಶಿವಮೊಗ್ಗದಿಂದ ಬೆಳಗಿನ ಬಸ್ಸಿನಲ್ಲಿ ಬಿಡಿಭಾಗ ತರಿಸಬಲ್ಲ ಕಾರು ಮುಖ್ಯ.

ಪರೀಕ್ಷೆಯ ವಿಷಯದಲ್ಲಿ ನಮ್ಮ ಸೀಮೆಗೆ ಬೇರೆಯೇ ಕಣ್ಣು ಬೇಕು. ಉಡುಪಿ, ಮಂಗಳೂರಿನ ಕಾರಾದರೆ ಸಮುದ್ರದ ಉಪ್ಪುಗಾಳಿ ತಿಂದಿರುತ್ತದೆ. ಬಾಗಿಲಿನ ಕೆಳ ಅಂಚು, ಸೈಲೆನ್ಸರು, ತಳಭಾಗ ನೋಡಬೇಕು. ಬೆಂಗಳೂರಿನ ಕಾರಾದರೆ ಮೀಟರು ಕಡಿಮೆ ತೋರಿಸಿದರೂ ಟ್ರಾಫಿಕ್ಕಿನಲ್ಲಿ ಕ್ಲಚ್ಚು ಸವೆದಿರಬಹುದು. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿ, ಮತ್ತೆ ಎತ್ತಿ ನೋಡಿದರೆ ಎರಡರ ಬಣ್ಣವೂ ಬಯಲಾಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಎಷ್ಟೋ ಕಾರುಗಳು ನೀರಿನಲ್ಲಿ ಮುಳುಗಿದ್ದವು. ಅಂಥವು ತೊಳೆದು ಒರೆಸಿಕೊಂಡು ಮಾರುಕಟ್ಟೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿಯನ್ನೂ, ಕಾಲಡಿಯ ಕಾರ್ಪೆಟ್ಟಿನ ಕೆಳಗೂ ನೋಡಿ, ಮೂಸಿ. ಇನ್ನು ನಮ್ಮದೇ ಊರಿನ ಕಾರಾದರೆ ಬಾನೆಟ್ಟಿನೊಳಗೆ ಇಲಿ ಕಡಿದ ವೈರು ಇದೆಯೇ ಎಂದು ಮೊದಲು ಹುಡುಕಬೇಕು. ಕೊಟ್ಟಿಗೆಯಲ್ಲಿ ನಿಂತ ಕಾರಿಗೆ ಕಳ್ಳನಿಗಿಂತ ಇಲಿಯ ಭಯ ಹೆಚ್ಚು.

ಕಾಗದಪತ್ರದ ವಿಷಯ ಬೇಸರದ್ದಾದರೂ ಹೇಳದಿರಲಾರೆ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ ಕೊಂಡವನು 30 ದಿನದೊಳಗೆ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಹಾಕಬೇಕು. ಮಾರಿದವನಿಂದ ಫಾರಂ 29 ಮತ್ತು 30ಕ್ಕೆ ಸಹಿ, ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರದೊಡನೆ ಫಾರಂ 35 ಕೈಗೆ ಬಾರದೆ ಹಣದ ಕೊನೆಯ ಕಂತು ಕೊಡಬೇಡಿ. ವಿಮೆಯೂ ನಿಮ್ಮ ಹೆಸರಿಗೆ ಬರಬೇಕು. ಹಿಂದಿನವರ 'ನೋ ಕ್ಲೈಮ್ ಬೋನಸ್' ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. "ನಮ್ಮವರೇ, ಆಮೇಲೆ ಬದಲಾಯಿಸಿಕೊಂಡರಾಯಿತು" ಎನ್ನುವ ನೆಂಟರ ಬಳಿಯಂತೂ ಇದನ್ನು ಮೊದಲ ದಿನವೇ ಮುಗಿಸಬೇಕು.

ಯಾವಾಗ ಕೊಳ್ಳಬೇಕೆಂಬುದು ಉಳಿಯಿತು. ಆಷಾಢದಲ್ಲಿ ವಾಹನ ಮನೆಗೆ ತರಬಾರದೆಂದು ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ನಾನು ಅವರೊಡನೆ ವಾದಕ್ಕಿಳಿಯುವುದಿಲ್ಲ. ಆದರೆ ತರಬಾರದೆಂದರೇ ಹೊರತು ನೋಡಬಾರದೆಂದು ಯಾರೂ ಹೇಳಿಲ್ಲ. ಆ ತಿಂಗಳು ಕೊಳ್ಳುವವರು ಕಡಿಮೆ, ಮಾರುವವನ ದನಿಯೂ ಮೆತ್ತಗಿರುತ್ತದೆ. ಮೇಲಾಗಿ ಜಡಿಮಳೆಯಲ್ಲಿ ಹರಿಹರಪುರದವರೆಗೊಮ್ಮೆ ಓಡಿಸಿದರೆ ಗಾಜಿನ ಅಂಚಿನ ಸೋರಿಕೆ, ವೈಪರಿನ ಗೀಚು, ಒದ್ದೆ ಬ್ರೇಕಿನ ಎಳೆತ, ಬೋಳು ಟೈರಿನ ಜಾರಿಕೆ ಎಲ್ಲವೂ ಒಂದೇ ಗಂಟೆಯಲ್ಲಿ ತಿಳಿಯುತ್ತವೆ. ಮುಂಗಡವನ್ನು ಆಗಲೇ ಕೊಟ್ಟು, ರಶೀದಿ ಬರೆಸಿಕೊಂಡು, ಕಾರನ್ನು ಶ್ರಾವಣದಲ್ಲಿ ತನ್ನಿ.